ಪ್ರಸಾದದ ತಾಟಿನ ಚಾವಿ

ನನಗೆ ಗಾಡಿ ನಡೆಸಲು ಬರುತ್ತಿರಲಿಲ್ಲ, ಆದರೂ ಗಾಡಿ ಕಾಯುವ ಕೆಲಸ ಸಿಕ್ಕಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಇಳಕಲ್ಲಿನ ಕೆಂಪುಕಲ್ಲಿನ ಕಂಪನಿಯೊಂದಕ್ಕೆ ನಾಲ್ಕು ಲಾರಿ, ಎರಡು ಜೀಪು ಇದ್ದವು. ಇನ್ನೊಂದು ಜೀಪೂ ಇತ್ತಂತೆ. ಬಾಗಲಕೋಟೆಯ ಪ್ಯಾಟಿಯಲ್ಲಿ ಹಾಡುಹಗಲೇ ಯಾರೋ ಅದನ್ನು ಹೊಡೆದುಕೊಂಡು ಹೋಗಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಆ ದಿಡ್ಡಿ ಬಾಗಿಲೇ ನಾನು. ಹುನಗುಂದದಲ್ಲಿದ್ದ ಮಾಲಕರು, ನಾವೆಲ್ಲ ಸಾವಕಾರರು ಅನ್ನುತ್ತಿದ್ದವರು, ನನ್ನನ್ನು ಕಾರಕೂನನೆಂದು ಇಟ್ಟುಕೊಂಡ ದಿನವೇ ಹೇಳಿದ್ದರು: "ಇನ್ನೊಂದು ಗಾಡಿ ಹೋತಂದ್ರ, ಅದರ ಹಿಂದ ನೀನೂ ಹೋಗು." ಹೆಂಡತಿ ಬಾದಾಮಿಯ ತವರುಮನೆಯಲ್ಲಿ ಚೊಚ್ಚಲ ಬಸುರಿ. ಈ ಕೆಲಸ ಹೋದರೆ ನನಗೆ ಬೇರೆ ಗತಿ ಇರಲಿಲ್ಲ.

ಅದಕ್ಕೇ ಇರಬೇಕು, ಆ ಅಂಗಳಕ್ಕೆ ಫೌಜುದಾರನ ಹಾಗೆ ಹೊಕ್ಕೆ. ಸ್ಟೇರಿಂಗಿಗೆ ಸರಪಳಿ, ಸರಪಳಿಗೆ ಕೀಲಿ. ಚಾವಿಗಳೆಲ್ಲ ನನ್ನ ಹತ್ತಿರ. ಯಾರೇ ಚಾವಿ ಒಯ್ದರೂ ರಿಜಿಸ್ಟರಿನಲ್ಲಿ ಸಹಿ. ಡ್ರೈವರುಗಳೆಲ್ಲ ನನಗಿಂತ ಹಿರಿಯರು. ಅವರಲ್ಲೂ ಹಿರಿಯರೆಂದರೆ ಜೀಪು ನಡೆಸುತ್ತಿದ್ದ ಕೆರೂರಿನವರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನನ್ನ ಸರಪಳಿ ನೋಡಿ ಅವರು ನಕ್ಕರು.

"ಕೀಲಿ ಇರೂದು ಸಜ್ಜನರಿಗಿ ರೀ, ಕಾರಕೂನ್ರ. ಕಳ್ಳಗ ಎಲ್ಲೀ ಕೀಲಿ?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ನೀವು ಬುದ್ಧಿ ಹೇಳಬ್ಯಾಡ್ರಿ, ಸಹಿ ಹಾಕ್ರಿ," ಎಂದೆ. ಗೆರೆ ದಾಟಿಸಿ, ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿ ಹೋದರು.

ಮೂರು ತಿಂಗಳು ಕಳೆದು ಒಂದು ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಗಾಡಿಗಳು ಹೊರಬೀಳುತ್ತಿರಲಿಲ್ಲ. ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಕಾಯಿ ಒಡೆಯುವುದು. ಆರೂ ಚಾವಿಗಳನ್ನು ಹಿತ್ತಾಳೆ ತಾಟಿನಲ್ಲಿ ದೇವರ ಮುಂದಿಟ್ಟು, ಪೂಜೆಯಾದ ಮೇಲೆ ಕೊಬ್ಬರಿ ಸಕ್ಕರೆಯ ಜೊತೆ ಆಯಾ ಡ್ರೈವರನ ಕೈಗೆ ಕೊಡುವುದು. ಇದು ನನಗಿಂತ ಮೊದಲಿನ ಪದ್ಧತಿ, ಮುರಿಯುವ ಧೈರ್ಯ ನನಗಿರಲಿಲ್ಲ. ಆದರೆ ನಾನು ಜಾಣನಲ್ಲವೇ? ಗದ್ದಲದಲ್ಲಿ ಸಹಿ ಯಾರು ಹಾಕುತ್ತಾರೆಂದು, ಚಾವಿ ಮುಟ್ಟಿತು ಎಂಬುದಕ್ಕೆ ಮುಂಜಾನೆಯೇ ಎಲ್ಲರಿಂದ ಸಹಿ ಹಾಕಿಸಿಬಿಟ್ಟಿದ್ದೆ.

ಪೂಜೆ ಮುಗಿಯಿತು. ನಮ್ಮ ಲಾರಿಗಳ ಧೂಳು ಸಹಿಸಿಕೊಂಡಿದ್ದ ನೇಕಾರರ ಓಣಿಗೆ ಪ್ರಸಾದ ಹಂಚಲು ಕಾಕಾ ತಮ್ಮ ಚಾವಿ ತೆಗೆದುಕೊಳ್ಳದೆಯೇ ಬುಟ್ಟಿ ಹಿಡಿದು ಹೋದರು. ಆಗಲೇ ಬಿಳಿ ಅಂಗಿಯ, ಹಣೆ ತುಂಬ ವಿಭೂತಿಯ ಒಬ್ಬ ನನ್ನ ಮುಂದೆ ಎರಡೂ ಕೈ ಚಾಚಿದ.

"ನಾ ಕೆರೂರ ಮಾವನ ಅಳಿಯ್ರಿ. ಮಾವ ಓಣ್ಯಾಗ ಅದಾನ. ಜೀಪ್ ಗುಡಿ ಮುಂದ ತಂದು ನಿಲ್ಲಸು, ಇನ್ನೊಂದು ಕಾಯಿ ಒಡ್ಯೂದೈತಿ ಅಂದಾನ್ರಿ."

ಪ್ರಸಾದಕ್ಕೆ ಚಾಚಿದ ಕೈಗೆ ಇಲ್ಲ ಅನ್ನಬಾರದು. ಕೊಬ್ಬರಿ ಹಾಕಿದೆ, ಅದರ ಮೇಲೆ ಚಾವಿಯನ್ನೂ ಇಟ್ಟೆ. ಸರಪಳಿ ಬಿಚ್ಚಿದವನೂ ನಾನೇ. ಐದು ನಿಮಿಷದ ನಂತರ ನೋಡಿದರೆ ಅವನೂ ಇನ್ನಿಬ್ಬರೂ ಜೀಪನ್ನು ಗೇಟಿನತ್ತ ತಳ್ಳುತ್ತಿದ್ದಾರೆ. ಚಾಲೂ ಮಾಡಬಾರದೇ ಎಂದು ಕೇಳಿದೆ. "ಅಮಾಸಿ ಅಲ್ರಿ!" ಎಂದ. ಈ ಕಾಲದಲ್ಲೂ ಇಂಥ ನೇಮಸ್ಥರು ಇದ್ದಾರಲ್ಲ ಎಂದು ಮನಸ್ಸು ತುಂಬಿ ಬಂತು. ಪಂಚೆ ಎತ್ತಿ ಕಟ್ಟಿ ನಾನೂ ಹೆಗಲು ಕೊಟ್ಟೆ. ಕಂಪನಿಯ ಜೀಪನ್ನು ಕಳ್ಳರ ಜೊತೆ ಸೇರಿ ಗೇಟು ದಾಟಿಸಿದ ಕಾವಲುಗಾರ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಖಾಲಿ ಬುಟ್ಟಿ ಹಿಡಿದು ಕಾಕಾ ಬಂದರು. "ಜೀಪ್ ಎಲ್ಲೈತ್ರಿ?"

"ನಿಮ್ಮ ಅಳಿಯ ಗುಡಿಗಿ ಒಯ್ದಾನಲ್ರಿ."

"ನನಗ ಅಕ್ಕತಂಗೇರಿಲ್ಲ, ಹೆಣ್ಣಮಕ್ಕಳಿಲ್ಲ. ಅಳಿಯ ಎಲ್ಲಿಂದ ಬಂದ?"

ನಾನು ಗೇಟಿನತ್ತ ಓಡಲು ಹೊರಟೆ. ಕಾಕಾ ಮಾತ್ರ ಅಂಗಿಯ ಕಿಸೆಗೆ ಕೈ ಹಾಕಿ ಹೆಬ್ಬೆರಳು ಗಾತ್ರದ ಒಂದು ಕರಿ ತುಂಡನ್ನು ತೆಗೆದು ತೋರಿಸಿದರು. ರೋಟರ್ ಅಂತೆ. ಅದಿಲ್ಲದೆ ಜೀಪಿನ ಎಂಜಿನ್ನಿಗೆ ಕಿಡಿ ಹೋಗುವುದಿಲ್ಲ, ಚಾವಿ ತಿರುವಿದರೂ ಅದು ಚಾಲೂ ಆಗುವುದಿಲ್ಲ. ಜೀಪು ಬಿಟ್ಟು ಇಳಿದಾಗಲೆಲ್ಲ ಅವರು ಅದನ್ನು ಬಿಚ್ಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನನ್ನ ಸರಪಳಿಗೂ ರಿಜಿಸ್ಟರಿಗೂ ಅದರ ಸುದ್ದಿಯೇ ಗೊತ್ತಿರಲಿಲ್ಲ. ಆಮೇಲೆ ನಾನು ಆ ಕಂಪನಿಯಲ್ಲಿ ಇದ್ದಷ್ಟು ವರ್ಷ ಒಂದು ಗಾಡಿಯೂ ಕಳುವಾಗಲಿಲ್ಲ, ಎಲ್ಲರೂ ನನ್ನನ್ನೇ ಹೊಗಳಿದರು. ಆ ಹೊಗಳಿಕೆ ಕಾಕಾ ಅವರದು.

ಹುಡುಕಿಕೊಂಡು ಹೋದರೆ ಜೀಪು ಊರ ಹೊರಗಿನ ಇಳಿಜಾರಿನಲ್ಲಿ, ಬಾನೆಟ್ ತೆರೆದು, ಮಾಲೆ ಸಮೇತ ನಿಂತಿತ್ತು. ಕಳ್ಳರು ಓಡಿಹೋಗಿದ್ದರು. ಆದರೆ ನಮಗಿಂತ ಮೊದಲು ಅದನ್ನು ನೋಡಿದ್ದವರು ಸಾವಕಾರರು. ಅಮಾವಾಸ್ಯೆಯ ಊಟಕ್ಕೆಂದು ಹುನಗುಂದದಿಂದ ಕಾರಿನಲ್ಲಿ ಬರುತ್ತಿದ್ದರು. ಅಂಗಳಕ್ಕೆ ಬಂದವರೇ ರಿಜಿಸ್ಟರ್ ಕೇಳಿದರು. ಜೀಪಿನ ಚಾವಿಯ ಮುಂದೆ ಕಾಕಾ ಅವರ ದೊಡ್ಡ ಅಕ್ಷರದ ಸಹಿ.

"ಚಾವಿ ಯಾರ ಕೈಯಾಗ ಕೊಟ್ಟಿ?" ಎಂದು ಕಾಕಾ ಅವರನ್ನು ಕೇಳಿದರು.

ಕಾಕಾ ಒಮ್ಮೆ ನನ್ನ ಮುಖ ನೋಡಿದರು. ಬಾದಾಮಿಯಲ್ಲಿದ್ದವಳ ಮುಖ ಕಣ್ಣ ಮುಂದೆ ಬಂತು.

"ತಪ್ಪಾತ್ರಿ, ಸಾವಕಾರ್ರ," ಎಂದರು ಕಾಕಾ.

"ನಾಳಿಂದ ಬರಬ್ಯಾಡ."

ಕಾಕಾ ರೋಟರನ್ನು ನನ್ನ ಮೇಜಿನ ಮೇಲಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆ ದಿನ ಹೋಳಿಗೆ ಬಡಿಸಿದರು. ನಾನು ಎಲೆಯ ಮುಂದಿನಿಂದ ಎದ್ದುಬಿಟ್ಟೆ.

ಮರುದಿನ ಮೊದಲ ಬಸ್ಸಿಗೇ ಹುನಗುಂದಕ್ಕೆ ಹೋಗಿ, ಸಾವಕಾರರ ಪಡಸಾಲೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಹೆಗಲು ಕೊಟ್ಟಿದ್ದನ್ನೂ ಬಿಡಲಿಲ್ಲ. ಎಲ್ಲ ಕೇಳಿ ಅವರು ಅಂದರು:

"ಗಾಡಿ ನಡಸಾಕ ಬರ್ತೈತೇನು ನಿನಗ?"

"ಇಲ್ರಿ."

"ನಡಸಾಕ ಬರದವನ್ನ ಕಾಯಾಕ ಇಟ್ಟೆ ನೋಡು, ನಾನೂ ದಡ್ಡನ. ಕೆರೂರಿಗಿ ಹೋಗು. ಅವನ್ನ ಕರಕೊಂಡು ಬಂದ್ರ ಇಬ್ರೂ ಬರ್ರಿ. ಅವ ಬರಲಿಲ್ಲಂದ್ರ ನೀನೂ ಬರಬ್ಯಾಡ."

ಬಾಗಲಕೋಟೆಯ ಮೇಲೆ ಹಾಯ್ದು ಕೆರೂರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಾಕಾ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕಾಲು ಮುಟ್ಟಿದೆ.

"ಚಾವಿ ನಿಮಗ ಮುಟ್ಟಿಲ್ಲಂತ ಯಾಕ ಹೇಳಲಿಲ್ರಿ, ಕಾಕಾ?"

"ಹೇಳಿದ್ರ ನಿಮ್ಮ ಕೆಲಸ ಹೋಗತಿತ್ತು. ನನ್ನ ಕೈಯಾಗ ಸ್ಟೇರಿಂಗ್ ಐತಿ, ಎಲ್ಲಿ ಹೋದ್ರೂ ಹೊಟ್ಟಿ ತುಂಬತೈತಿ. ನಿಮ್ಮ ಕೈಯಾಗ ಏನೈತಿ, ಒಂದು ರಿಜಿಸ್ಟರ್." ನಕ್ಕರು. ಆಮೇಲೆ ನೆಲ ನೋಡುತ್ತ ಹೇಳಿದರು: "ಖರೆ ಹೇಳ್ತೇನಿ, ಹಿಂದಿಂದ ನೀವು ಓಡಿ ಬರ್ತೀರೇನೋ ಅಂತ ಸ್ಟ್ಯಾಂಡಿನ್ಯಾಗ ಎರಡು ಬಸ್ ಬಿಟ್ಟೆ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಎರಡು ಬಸ್ಸಿನ ಮಾತಿಗೆ, ಓಣಿಯ ಮಂದಿ ನೋಡುತ್ತಿದ್ದರೂ, ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅವರ ಮನೆಯವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನ್ನನ್ನು ನೋಡಿ, ಗಂಡನನ್ನು ಕೇಳಿದರು:

"ಒಬ್ಬರು ಬರ್ತಾರ, ನಾಕು ರೊಟ್ಟಿ ಹೆಚ್ಚಿಗಿ ಬಡಿ ಅಂತ ಮುಂಜಾನಿ ಹೇಳಿದ್ರಲ್ಲ, ಇವರ ಏನ್ರಿ?"