ಅವ್ವ ದಾಟದ ಸೇತುವೆ

ಸೇವಾವಧಿಯುದ್ದಕ್ಕೂ ಮೇಲಧಿಕಾರಿಗಳ ಪತ್ರಗಳನ್ನು ಬೆರಳಚ್ಚು ಮಾಡಿದ ನನಗೆ ಸ್ವಂತ ವಿಷಯವಾಗಿ ಬರೆದು ರೂಢಿಯಿಲ್ಲ. ಆದುದರಿಂದ, ಎಂಬತ್ತರ ದಶಕ ಮುಗಿಯುವ ಹೊತ್ತಿನ ಒಂದು ವರ್ಷದ ಕೆಲಸ, ತಿರುಗಾಟ ಹಾಗೂ ಒಂದು ಕೌದಿಯ ಕುರಿತು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ. ಲೋಪಗಳಿದ್ದಲ್ಲಿ ಮನ್ನಿಸತಕ್ಕದ್ದು.

ಗಂಡನ ಮನೆಯವರು ನನ್ನನ್ನು ತಿರುಗಿ ಕರೆಸಿಕೊಳ್ಳುವುದಿಲ್ಲವೆಂಬುದು ಖಚಿತವಾದ ಮೇಲೆ ನಾನು ನಿಪ್ಪಾಣಿಯಲ್ಲಿ ಬೆರಳಚ್ಚು ಕಲಿತು ಚಿಕ್ಕೋಡಿಯ ಸರಕಾರಿ ಕಚೇರಿಯೊಂದಕ್ಕೆ ಸೇರಿದ್ದೆ. ಏಕಸಂಬಿಯ ತವರುಮನೆಯಿಂದಲೇ ಓಡಾಡುತ್ತಿದ್ದೆ. ಆ ವರ್ಷದ ಆಷಾಢದಲ್ಲಿ, ಚಾತುರ್ಮಾಸಕ್ಕೆಂದು ಊರಿಗೆ ಬಂದಿದ್ದ ಮುನಿಗಳ ಎದುರು ಅವ್ವ ಒಂದು ವರ್ಷದ ನೇಮ ಹಿಡಿದಳು: ಕೃಷ್ಣಾ ನದಿಯನ್ನು ದಾಟುವುದಿಲ್ಲ. ನಮ್ಮ ಜೈನ ಮನೆಗಳಲ್ಲಿ ಹೀಗೆ ಸಂಚಾರಕ್ಕೆ ಸೀಮೆ ಹಾಕಿಕೊಳ್ಳುವುದು ಹೊಸದಲ್ಲ. ಸೀಮೆಯಾಚೆಗೆ ವಸ್ತು ಕಳುಹಿಸುವುದೂ ದೋಷವೆಂದು ಎಣಿಕೆ. ಮಗಳು ಚಿಕ್ಕೋಡಿಯಲ್ಲಿರುವಾಗ ಹೊಳೆಯಾಚೆ ತನಗೇನು ಕೆಲಸವೆಂದು ಅವ್ವ ಭಾವಿಸಿದ್ದಳು. ಕೆಲವೇ ದಿನಗಳಲ್ಲಿ ನನಗೆ ಹೊಳೆಯಾಚೆಯ ಕಾಗವಾಡಕ್ಕೆ ವರ್ಗವಾಯಿತು.

"ನಿಮ್ಮ ಸರಕಾರಕ್ಕ ಹೇಳ, ನಮ್ಮವ್ವಂದು ನೇಮ ಐತಿ ಅಂತ," ಎಂದು ಅವ್ವ ನಕ್ಕಳು. ಆದರೆ ಅಂದು ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂಡಲಿಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ.

ಕಾಗವಾಡದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದೆ. ಕಚೇರಿಯ ಕಾಗದಪತ್ರಗಳನ್ನು ಒಯ್ದು ಮುಟ್ಟಿಸಲು ಆಗಾಗ ಅಥಣಿಗೆ ಹೋಗಬೇಕಾಗುತ್ತಿತ್ತು. ಮಳೆಗಾಲ ಕಳೆದ ಮೇಲೆ ಕೆಲವು ಕಾಲ ರಾಯಬಾಗಕ್ಕೂ ನಿಯೋಜಿಸಿದರು. ರಾಯಬಾಗ ಹೊಳೆಯ ಈಚೆಗೆ, ಅವ್ವನ ದಡದಲ್ಲೇ ಇರುವುದರಿಂದ ಅವ್ವ ಅಲ್ಲಿಗೆ ಬರಬಹುದಾಗಿತ್ತು. ನಾನು ಇಳಿದುಕೊಂಡದ್ದು ಸಹೋದ್ಯೋಗಿಯೊಬ್ಬರ ಮನೆಯಲ್ಲಾದ ಕಾರಣ ಕರೆಯಲು ಸಂಕೋಚವಾಯಿತು. ಅವ್ವ ನನ್ನ ಸ್ವಂತ ಖೋಲಿಗೇ ಬಂದು ಒಂದು ರಾತ್ರಿ ಇರಬೇಕು, ನಾನು ನನ್ನ ದುಡಿಮೆಯಲ್ಲಿ ಬದುಕಿರುವುದನ್ನು ಕಣ್ಣಾರೆ ನೋಡಬೇಕು ಎಂಬುದೊಂದೇ ಆ ವರ್ಷದ ನನ್ನ ಅಪೇಕ್ಷೆಯಾಗಿತ್ತು.

ಊರಿಗೆ ಹೋದರೆ ಓಣಿಯವರು ಗಂಡನ ಸುದ್ದಿ ತೆಗೆಯುತ್ತಿದ್ದರು. ಆದ್ದರಿಂದ ರವಿವಾರಗಳಂದು ನಾವು ಸೇತುವೆಯ ಈಚೆ ತುದಿಯಲ್ಲಿ, ಬೇವಿನ ಗಿಡದ ಕೆಳಗಿನ ಹಾಸುಗಲ್ಲಿನ ಮೇಲೆ ಭೇಟಿಯಾಗುತ್ತಿದ್ದೆವು. ಅವ್ವ ಏಕಸಂಬಿಯಿಂದ ಬರುವಳು, ನಾನು ಸೇತುವೆ ದಾಟಿ ಬಸ್ಸಿಳಿಯುವೆನು.

"ಬಾಯಾರ, ನಿಮ್ಮ ತವರಮನಿ ಈ ಕಲ್ಲಿನ ಮ್ಯಾಲ ಐತೇನ್ರಿ?" ಎಂದು ಕಂಡಕ್ಟರರು ಕೇಳುತ್ತಿದ್ದರು.

"ಹೌದ್ರಿ, ಮ್ಯಾಲ ಹೆಂಚ ಹಾಕ್ಸೂದು ಅಷ್ಟ ಉಳದೈತಿ," ಎಂದು ಅವ್ವನೇ ಉತ್ತರಿಸುವಳು.

ಆ ಕಲ್ಲಿನ ಮೇಲೆ ನಾವು ಒಂದು ಕೌದಿ ಹೊಲಿಯಲು ಆರಂಭಿಸಿದೆವು. ಅಪ್ಪನ ಧೋತರ, ನನ್ನ ಶಾಲೆಯ ಲಂಗ, ಅವ್ವನ ಹಳೆಯ ಇಳಕಲ್ಲು ಸೀರೆ. ಒಂದು ವಾರ ಅವ್ವ ಮನೆಯಲ್ಲಿ ಹೊಲಿಯುವಳು, ಮರುವಾರ ನಾನು. ಹೊಳೆಯಾಚೆಗೆ ಕಳುಹಿಸುವುದು ದೋಷವಾದ್ದರಿಂದ ಅವ್ವ ಅದನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಕಲ್ಲಿನ ಮೇಲಿಟ್ಟು ಮುಖ ತಿರುಗಿಸುವಳು. ನಾನು ಎತ್ತಿಕೊಳ್ಳುವೆನು.

"ಒಯ್ಯಿ ಅನ್ನಾಂಗಿಲ್ಲ, ಬ್ಯಾಡ ಅನ್ನಾಂಗೂ ಇಲ್ಲ. ಬಸ್ಸ ಬಂತ ನೋಡ," ಎನ್ನುವಳು.

ಚಳಿಗಾಲದಲ್ಲಿ ನಾನು ನನ್ನ ಮದುವೆಯ ಸೀರೆಯಿಂದ ಒಂದು ತುಂಡು ಕತ್ತರಿಸಿ ಕೌದಿಯ ನಟ್ಟನಡುವೆ ಹಚ್ಚಿದೆ. ಅವ್ವ ಅದರ ಮೇಲೆ ಕೈಯಾಡಿಸಿದಳು. ಮುಂದಿನ ಸಲ ಕೌದಿ ಕೈಗೆ ಬಂದಾಗ ಆ ತುಂಡು ಅಡಿಮಗ್ಗುಲಿಗೆ ಹೋಗಿತ್ತು. ಅದು ಇದ್ದ ಜಾಗಕ್ಕೆ ನನ್ನ ಲಂಗದ ತುಂಡು ಬಂದಿತ್ತು.

ಬೇಸಿಗೆ ಕಳೆಯುವಷ್ಟರಲ್ಲಿ ಒಂದು ಮೂಲೆಯ ಹೊರತು ಎಲ್ಲವೂ ಮುಗಿದಿತ್ತು. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಕಡೆಯ ಹೊಲಿಗೆಗೆ ಮುನ್ನ ಒಂದು ಚೂರು ರೊಟ್ಟಿಯನ್ನು ಒಳಗಿಡುವುದು ಅವ್ವನ ರೂಢಿ.

"ಆ ರೊಟ್ಟಿ ನನ್ನ ಒಲಿ ಮ್ಯಾಲ ಆಗಬೇಕವ್ವಾ. ನೇಮ ಮುಗದ ದಿವಸ ನೀನ ಬಂದ ಬಡಿ," ಎಂದು ನಾನು ಕೇಳಿಕೊಂಡೆ.

"ನಿನ್ನ ಒಲಿ ನನ್ನ ಮಾತ ಕೇಳತೈತೋ ಇಲ್ಲೋ," ಎಂದಳು. ನಾನದನ್ನು ಒಪ್ಪಿಗೆಯೆಂದೇ ತಿಳಿದೆ. ಕೌದಿ ಆ ವಾರ ಅವಳ ಬಳಿಯಲ್ಲೇ ಉಳಿಯಿತು.

ಮತ್ತೆ ಆಷಾಢ ಬಂತು. ರಜೆ ಮಂಜೂರು ಮಾಡಿಸಿಕೊಂಡೆ. ಖೋಲಿಗೆ ಸುಣ್ಣ ಬಳಿಸಿದೆ. ಅವ್ವ ಮಲಗಲೆಂದು ಮನೆಯೊಡತಿಯಿಂದ ಒಂದು ಹೊರಸನ್ನು ಎರವಲು ತಂದು ಕಿಟಕಿಯ ಬದಿಗೆ ಹಾಕಿದೆ. ಅವ್ವನನ್ನು ಕರೆತರಲು ಸೇತುವೆಗೆ ಹೋದಾಗ ಹೊಳೆ ಕೆಂಪಾಗಿ ತುಂಬಿತ್ತು. ಅವ್ವ ಕಲ್ಲಿನ ಮೇಲೆ ಕುಳಿತಿದ್ದಳು. ಕೈಚೀಲವಿರಲಿಲ್ಲ. ತೊಡೆಯ ಮೇಲೆ ಕೌದಿ ಮಾತ್ರ ಇತ್ತು.

ಮೂಲೆಯನ್ನು ಮುಟ್ಟಿ ನೋಡಿದೆ. ಹೊಲಿದಾಗಿತ್ತು. ಒಳಗೆ ರೊಟ್ಟಿಯ ಚೂರು ಗಟ್ಟಿಯಾಗಿ ಬೆರಳಿಗೆ ತಾಗಿತು.

"ಇದೇನವ್ವಾ?"

"ಮುಂಜಾನೆ ಮುನಿ ಮಹಾರಾಜರ ಮುಂದ ಮತ್ತೊಂದ ವರ್ಷ ಹಿಡದನಿ."

"ಯಾಕ? ಬರತೀನಂದಿದ್ದಿ."

"ಒಲಿ ಮಾತ ಕೇಳತೈತೋ ಇಲ್ಲೋ ಅಂದಿದ್ನಿ. ಬರತೀನಿ ಅಂದಿದ್ದಿಲ್ಲ." ಆಮೇಲೆ ನೀರಿನ ಕಡೆ ನೋಡುತ್ತ ಹೇಳಿದಳು: "ಬಂದ್ರ ನಿನ್ನ ಖೋಲಿ ನೋಡಬೇಕಾಗತೈತಿ, ಮಗಳ. ಒಂದ ತಾಟ, ಒಂದ ಹಾಸಗಿ. ಅದು ಕಣ್ಣಿಗೆ ಬಿದ್ದಿಲ್ಲಂತ ಎರಡ ತುತ್ತ ಉಣ್ಣಾಕತ್ತೀನಿ. ಕಂಡ ಮ್ಯಾಲ ನನ್ನ ಕಡಿಂದ ಆಗೂದಿಲ್ಲ."

"ನಾ ಚೊಲೋ ಅದೀನವ್ವಾ. ಅದನ್ನ ನೋಡಾಕನ ಬಾ ಅಂದಿದ್ದೆ."

"ನೀ ಚೊಲೋನ ಇರತಿ," ಎಂದಳು. "ನನಗ ನೋಡೂ ಧೈರ್ಯ ಇಲ್ಲ."

ಮೊದಲ ವರ್ಷದ ನೇಮ ನನ್ನ ವರ್ಗಾವಣೆಗೆ ಮುಂಚಿನದು, ಅದರಲ್ಲಿ ಯಾರ ಕೈಯೂ ಇರಲಿಲ್ಲ. ಎರಡನೆಯದನ್ನು ಅವ್ವ ತಿಳಿದೇ ಹಿಡಿದಳು. ಈ ವ್ಯತ್ಯಾಸವನ್ನು ನಾನು ಇಂದಿಗೂ ಬೇರೊಂದು ರೀತಿಯಲ್ಲಿ ಅರ್ಥೈಸಲು ಶಕ್ತಳಾಗಿಲ್ಲ.

ಬಸ್ಸು ಬಂತು. ಅವ್ವ ಕೌದಿಯನ್ನು ಕಲ್ಲಿನ ಮೇಲಿಟ್ಟು ಎಂದಿನಂತೆ ಮುಖ ತಿರುಗಿಸಿದಳು. ಈ ಸಲ ಬಹಳ ಹೊತ್ತು ಹಾಗೆಯೇ ಇದ್ದಳು. ನಾನು ಎತ್ತಿಕೊಂಡೆ.

ಮರುದಿನ ಮುಂಜಾನೆ ಹೊರಸನ್ನು ಮರಳಿ ಒಪ್ಪಿಸಲು ಹೋದೆ. ಅದರ ಮೇಲೆ ಯಾರೂ ಮಲಗಿರಲಿಲ್ಲ. ಮನೆಯೊಡತಿ ಬಾಗಿಲಲ್ಲಿ ನಿಂತು, "ಯಾಕ್ರಿ ಬಾಯಿ, ಅವ್ವಾರು ಬರಲಿಲ್ಲೇನ್ರಿ?" ಎಂದು ಕೇಳಿದರು.

"ಬಂದಿದ್ರರಿ, ಸೇತುವಿ ತನಕ," ಎಂದೆ.