ಕಾಟಾದ ಪಾಸ್‌ವರ್ಡೂ ನಮ್ಮ ಯಜಮಾನರ ಮೌನವೂ

ಆಗ ನನಗೆ ಐವತ್ತೊಂಬತ್ತು. ಹದಿಮೂರು ವರ್ಷದ ಹಿಂದಿನ ಮಾತು. ಇವತ್ತು ಬೆಳಿಗ್ಗೆ ಕ್ಯಾಲೆಂಡರ್ ತೂಗುಹಾಕಲು ಮೊಳೆ ಬೇಕಾಗಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದೆ. ಮೊಳೆ ಸಿಗಲಿಲ್ಲ, ಬೀಗ ಸಿಕ್ಕಿತು. ಅಂಗೈ ತುಂಬುವಂಥ ಹಿತ್ತಾಳೆ ಬೀಗ, ಬಾಯಿ ತೆರೆದುಕೊಂಡೇ ಇದೆ. ಒತ್ತಿದೆ, ಮುಚ್ಚಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಭತ್ತದ ದೂಳಿನ ವಾಸನೆ ಇನ್ನೂ ಇತ್ತು. ಕ್ಯಾಲೆಂಡರನ್ನು ಅಲ್ಲಿಗೇ ಬಿಟ್ಟು ಬರೆಯಲು ಕೂತಿದ್ದೇನೆ. ಮೂರನೇ ಕ್ಲಾಸು ಓದಿದವಳ ಬರಹ. ಎಲ್ಲಾದರೂ ಒತ್ತಕ್ಷರ ಕಾಲು ಜಾರಿ ಬಿದ್ದಿದ್ದರೆ ನೀವೇ ಎತ್ತಿ ಕೂರಿಸಿಕೊಳ್ಳಿ.

ಈ ಬೀಗ ಕಂಪ್ಲಿಯ ನಮ್ಮ ರೈಸ್‌ಮಿಲ್ಲಿನ ಗೋದಾಮಿನದು. ಮಿಲ್ಲಿನ ಮುಂದೆ ಟ್ರ್ಯಾಕ್ಟರು, ಲಾರಿ ನಿಲ್ಲಿಸಿ ತೂಗುವ ವೇಬ್ರಿಡ್ಜ್ ಇತ್ತು, ನಾವು ಕಾಟಾ ಎನ್ನುತ್ತೇವೆ. ಅಂಕಿ ತೋರಿಸುವ ಕೆಂಪು ದೀಪದ ಪೆಟ್ಟಿಗೆ ಎಂದೋ ಕುರುಡಾಗಿತ್ತು. ತೂಕ ಬರುತ್ತಿದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ. ಕಂಪ್ಯೂಟರ್ ಕಣ್ಣು ಮುಚ್ಚಿದರೆ ಕಾಟಾ ಬರೀ ಕಬ್ಬಿಣದ ಹಾಸು, ಆಡು ಮಲಗಲು ಲಾಯಕ್ಕು.

ನಮ್ಮ ಮಿಲ್ಲಿಗೊಂದು ಕಟ್ಟಳೆ. ತೂಗದ ಕಾಳು ಚಾವಣಿಯ ಕೆಳಗೆ ಬರಕೂಡದು. ಮಾವನವರ ಕಾಲದಲ್ಲಿ ಯಾವನೋ ರೈತ, ತೂಗುವ ಮೊದಲೇ ಒಳಗೆ ಇಳಿಸಿದ ಭತ್ತದಲ್ಲಿ ಎರಡು ಚೀಲ ನಿಮ್ಮ ಗೋಡೆ ತಿಂದಿದೆ ಎಂದು ಜಗಳ ತೆಗೆದನಂತೆ. ಅವತ್ತಿನಿಂದ ಮೊದಲು ತೂಕ, ಆಮೇಲೆ ನೆರಳು. ಈ ಕಟ್ಟಳೆಯನ್ನು ನಮಗಿಂತ ಹೆಚ್ಚು ಕಾಯುತ್ತಿದ್ದವರು ರೈತರೇ.

ಇನ್ನು ಯಜಮಾನರ ವಿಷಯ. ಪ್ರತಿ ಕಾರ್ತಿಕದಲ್ಲಿ ಒಂಬತ್ತು ದಿನ ಹಂಪಿಗೆ ಹೋಗಿ ಗುಡ್ಡದ ಹಿಂದಿನ ಒಂದು ಮಂಟಪದಲ್ಲಿ ಮೌನ ಕೂರುತ್ತಿದ್ದರು. ಅವರ ಅಪ್ಪ ಕೂತಿದ್ದರು, ಅಜ್ಜ ಕೂತಿದ್ದರು. ಮಾತಿಲ್ಲ, ಸನ್ನೆಯಿಲ್ಲ, ಬರಹವಿಲ್ಲ, ದಿನಕ್ಕೊಂದೇ ಊಟ. ಉಳಿದ ದಿನಗಳಲ್ಲಿ ಅವರು ಆಡುವ ಮಾತು ಕೇಳಿದರೆ, ದೇವರೇ ಆ ಒಂಬತ್ತು ದಿನ ಬೇಡಿಕೊಂಡಿರಬೇಕು ಅನಿಸುತ್ತದೆ. ಹೋಗುವಾಗ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತು ಹೋಗುತ್ತಿದ್ದರು. ಸುಗ್ಗಿ ಶುರುವಾಗುವುದೂ ಆಗಲೇ. ಶಿವನಿಗೆ ಅವರು ಬೇಕಿತ್ತೋ, ಅವರಿಗೆ ದೂಳು ಬೇಡವಿತ್ತೋ, ನಾನು ಕೇಳಲು ಹೋಗಿಲ್ಲ.

ಆ ವರ್ಷ ಮೌನದ ಏಳನೆಯ ದಿನ ಬೆಳಿಗ್ಗೆ ಕಂಪ್ಯೂಟರ್ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಮಿಲ್ಲು ನೋಡಿಕೊಳ್ಳುತ್ತಿದ್ದ ಮೈದುನ ಬಸಣ್ಣ ಮೊದಲು ಅದಕ್ಕೆ ಬಡಿದ, ಆಮೇಲೆ ಕೈಮುಗಿದ, ಕೊನೆಗೆ ಹೊಸಪೇಟೆಯ ಸಲೀಮನಿಗೆ ಫೋನು ಮಾಡಿದ. ಸಲೀಮ ನಲವತ್ತರ ಹತ್ತಿರದವನು, ಕಂಪ್ಯೂಟರ್ ರಿಪೇರಿಯಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಗತ್ತಿನವನು. ಬಂದವನೇ ಕಂಪ್ಯೂಟರಿನ ಬಾಯಿಗೆ ತನ್ನದೊಂದು ಸೀಡಿ ಹಾಕಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದವು. ಅವನ ಕೈ ನಿಂತಿತು.

"ಅಮ್ಮಾರ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಾಕತ್ತೈತಿ."

"ಹಂಗಂದ್ರ?"

"ಇದರ ಯಜಮಾನ ಯಾರೋ ಅವರು ಇಟ್ಟ ಗುಟ್ಟಿನ ಮಾತು. ಅದನ್ನ ಹೇಳಿದ್ರ ರಿಪೇರಿಗೆ ಬಿಡತೈತಿ. ದಿನಾ ಕೇಳಂಗಿಲ್ಲ, ಕೆಟ್ಟಾಗ ಮಾತ್ರ ಕೇಳತೈತಿ."

ಮನುಷ್ಯರೂ ಹಾಗೇ ಅಲ್ಲವೇ ಎಂದುಕೊಂಡೆ. ಈ ಕಂಪ್ಯೂಟರ್ ತಂದು ಕೂರಿಸಿದವರು ನಮ್ಮ ಯಜಮಾನರು. ಅವರು ಕಲ್ಲಿನಂತೆ ಹಂಪಿಯಲ್ಲಿ ಕೂತಿದ್ದರು.

"ಎಲ್ಲಾ ಅಳಿಸಿ ಹೊಸದಾಗಿ ಹಾಕು" ಎಂದ ಬಸಣ್ಣ.

"ಹಾಕಬಹುದ್ರಿ. ತೂಕದ ಪ್ರೋಗ್ರಾಮಿನ ಸೀಡಿ ಕೊಡ್ರಿ ಮತ್ತ, ಅದೂ ಅಳಿಸಿ ಹೋಗತೈತಿ."

ಸೀಡಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹಿತ್ತಲಿನ ಸೀಬೆ ಗಿಡದಲ್ಲಿ. ಗಿಳಿ ಹೆದರಲೆಂದು ಯಜಮಾನರು ಎರಡು ವರ್ಷದ ಹಿಂದೆ ದಾರ ಕಟ್ಟಿ ತೂಗುಬಿಟ್ಟಿದ್ದರು. ತಂದು ಕೊಟ್ಟೆ. ಸಲೀಮ ಅದನ್ನು ಬಿಸಿಲಿಗೆ ಹಿಡಿದ. ಹೊಳಪೆಲ್ಲ ಸುಲಿದು ಆಚೆ ಕಡೆಯ ಬಸಣ್ಣ ಕಾಣಿಸಿದ.

"ಗಿಳಿ ಹೆದರ್ತಾವೇನ್ರಿ ಅಮ್ಮಾರ?"

"ಇಲ್ಲ" ಎಂದೆ.

ಅಷ್ಟರಲ್ಲಿ ಕಾಟಾದ ಮೇಲಿದ್ದ ಮೊದಲ ಟ್ರ್ಯಾಕ್ಟರಿನಿಂದ ಎಮ್ಮಿಗನೂರಿನ ಹೊನ್ನೂರಮ್ಮ ಇಳಿದು ಬಂದಳು. ನನ್ನ ವಾರಿಗೆಯವಳು. ಅವಳ ಇಡೀ ವರ್ಷದ ಬೆಳೆ ಟ್ರೇಲರಿನಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು. ಮೇಲೆ ಹೊದಿಸಿದ ತಾಡಪಾಲು ಮೀನಿನ ಬಲೆಯಷ್ಟು ತೂತಾಗಿತ್ತು. ಸಂಡೂರಿನ ಗುಡ್ಡದ ಕಡೆ ಆಕಾಶ ಹೆಂಚಿನ ತಳದ ಬಣ್ಣಕ್ಕೆ ತಿರುಗಿತ್ತು. ಕಾರ್ತಿಕದ ಮಳೆ, ಯಾರನ್ನೂ ಕೇಳಿ ಬರುವುದಲ್ಲ. ಕೊಯ್ದ ಭತ್ತ ನೆನೆದರೆ ಎರಡು ದಿನಕ್ಕೆ ಮೊಳಕೆ.

"ಒಳಗ ತಗಿ, ಹೊನ್ನೂರಮ್ಮ. ಕಟ್ಟಳಿ ಹಾಳಾಗಿ ಹೋಗಲಿ" ಎಂದೆ.

"ಎವ್ವಾ, ತೂಗದ ಒಳಗ ಹೋದ ಭತ್ತ ನಂದು ಅಂತ ನಾಳಿಗಿ ಯಾರು ಹೇಳ್ತಾರ? ನಿನ್ನ ಬಾಯಿ ಒಳ್ಳೇದೈತಿ, ನಿನ್ನ ಮೈದುನಂದು ನಾನು ಕಂಡೀನಿ."

ಬಸಣ್ಣ ಆಕಾಶ ನೋಡಿದ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಹಾಗಾಗಿ ಊಹೆ ಶುರುವಾಯಿತು. ಮೂರು ಸಲ ತಪ್ಪಿದರೆ ಕಂಪ್ಯೂಟರ್ ಮುನಿಸಿಕೊಂಡು ಆರುತ್ತಿತ್ತು, ಮತ್ತೆ ಮೊದಲಿನಿಂದ ಹತ್ತಿಸಬೇಕಿತ್ತು. ಬಸಣ್ಣ ಮನೆದೇವರ ಹೆಸರು ಹೇಳಿದ. ಅಲ್ಲ. ಅವರವ್ವನ ಹೆಸರು. ಅಲ್ಲ. ಆಮೇಲೆ ಸ್ವಲ್ಪ ನಾಚುತ್ತ ತನ್ನ ಹೆಸರು ಹೇಳಿದ. ಅದೂ ಅಲ್ಲ. ಕಂಪ್ಯೂಟರ್ ಆರಿತು. ಬಸಣ್ಣನ ಮುಖವೂ ಆರಿತು. "ಅಣ್ಣ ನನ್ನ ಯಾವತ್ತು ಮನಷ್ಯಾ ಅಂದಾನ?" ಎಂದು ಪಕ್ಕಕ್ಕೆ ಹೋಗಿ ಕೂತ. ಎರಡನೇ ಸುತ್ತಿನಲ್ಲಿ ಟ್ರ್ಯಾಕ್ಟರಿನ ನಂಬರು, ಸತ್ತುಹೋದ ಜೋಡಿ ಎತ್ತುಗಳಲ್ಲಿ ಒಂದರ ಹೆಸರು, ಆಮೇಲೆ ಇನ್ನೊಂದರ ಹೆಸರು. ಮತ್ತೆ ಆರಿತು. ಸಾಲಿನಲ್ಲಿದ್ದ ರೈತರೆಲ್ಲ ಕಿಟಕಿಗೆ ಬಂದು ನಿಂತು ತಮಗೆ ತೋಚಿದ ದೇವರನ್ನು ಕೂಗುತ್ತಿದ್ದರು. ಅಷ್ಟು ದೇವರ ಹೆಸರು ನಮ್ಮ ಗೃಹಪ್ರವೇಶದಲ್ಲೂ ಕೇಳಿರಲಿಲ್ಲ.

"ಹೇಂತಿ ಹೆಸರು ಹಾಕಿ ನೋಡ್ರಿ. ಗಂಡಸರು ಹೇಳಂಗಿಲ್ಲ, ಆದ್ರ ಇಟ್ಟಿರ್ತಾರ" ಎಂದಳು ಹೊನ್ನೂರಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ಸಲೀಮ ನನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದ. ಪರದೆಯ ಮೇಲೆ ಚುಕ್ಕಿ ಚುಕ್ಕಿ ನಕ್ಷತ್ರ ಮೂಡಿತು. ಅಲ್ಲ ಎಂದಿತು. ಹೊನ್ನೂರಮ್ಮ ನನ್ನ ಬೆನ್ನು ಸವರಿದಳು. ಸವರುವುದೇನೂ ಬೇಕಿರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವರು ನನ್ನನ್ನು "ಏ" ಅಂದದ್ದುಂಟು, "ಕೇಳಿಲ್ಲೇನು" ಅಂದದ್ದುಂಟು. ನನಗೇ ಹೇಳದ ನನ್ನ ಹೆಸರನ್ನು ಒಂದು ಪೆಟ್ಟಿಗೆಗೆ ಯಾಕೆ ಹೇಳುತ್ತಾರೆ?

"ಜೀಪು ತಗೀ ಬಸಣ್ಣ, ಹಂಪಿಗೆ ಹೋಗಿ ಕೇಳ್ಕೊಂಡು ಬಾ" ಎಂದೆ.

"ನೀನೂ ಬಾ ಅತ್ತಿಗಿ. ನಿನ್ನ ಮುಖ ನೋಡಿದ್ರ ಅಣ್ಣಗ ಬೈಯೋ ಮನಸ್ಸರ ಬರತೈತಿ."

ಸಲೀಮನನ್ನೂ ಹತ್ತಿಸಿಕೊಂಡು, ಕಮಲಾಪುರದ ಬಾಳೆತೋಟ ದಾಟಿ, ಗುಡ್ಡ ಸುತ್ತಿ ಮಂಟಪಕ್ಕೆ ಹೋದೆವು. ಯಜಮಾನರು ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ವಿಭೂತಿ, ಏಳು ದಿನದ ಗಡ್ಡ. ಮುಂದೆ ಲೋಬಾನದ ಹೊಗೆ. ನಮ್ಮನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅಣ್ಣಾ, ಪಾಸ್‌ವರ್ಡ್ ಏನು? ಮಳಿ ಬರಾಕತ್ತೈತಿ, ಹೊನ್ನೂರಮ್ಮನ ಭತ್ತ ಬಯಲಾಗ ನಿಂತೈತಿ" ಎಂದ ಬಸಣ್ಣ. ಕಾಲು ಹಿಡಿದ. ಕಾಲು ಕೊಟ್ಟರು, ಮಾತು ಕೊಡಲಿಲ್ಲ.

ಸಲೀಮನಿಗೆ ಒಂದು ಉಪಾಯ ಹೊಳೆಯಿತು. "ಯಜಮಾನ್ರ, ನಾನು ಇಂಗ್ಲಿಷ್ ಅಕ್ಷರ ಒಂದೊಂದ ಹೇಳ್ಕೋತ ಹೋಗ್ತೀನಿ. ಯಾವುದು ಬರತೈತೋ ಅಲ್ಲಿ ಕಣ್ಣು ಮುಚ್ಚಿ ತಗೀರಿ. ಅದು ಮಾತೂ ಅಲ್ಲ, ಸನ್ನಿನೂ ಅಲ್ಲ."

ಎ ಎಂದ. ಬಿ ಎಂದ. ಸಿ ಎಂದಾಗ ಕಣ್ಣು ಮುಚ್ಚಿ ತೆರೆದರು. "ಬಂತು!" ಎಂದು ಬಸಣ್ಣ ಬರೆದುಕೊಂಡ. ಹೀಗೆ ಮುಕ್ಕಾಲು ಗಂಟೆ. ನಡುವೆ ಒಬ್ಬ ವಿದೇಶದ ಹೆಂಗಸು ಬಂದು, ಇದು ಯಾವುದೋ ಪೂಜೆ ಎಂದುಕೊಂಡು ಪಕ್ಕದಲ್ಲಿ ಕಾಲು ಮಡಚಿ ಕೂತಳು. ಸಲೀಮ "ಕ್ಯೂ" ಎಂದರೆ ಅವಳೂ ಭಕ್ತಿಯಿಂದ "ಕ್ಯೂ" ಎನ್ನುತ್ತಿದ್ದಳು. ಒಟ್ಟು ಹನ್ನೊಂದು ಅಕ್ಷರ ಸಿಕ್ಕವು. ಓದಿದರೆ ಯಾವ ಭಾಷೆಯೂ ಆಗಲಿಲ್ಲ. ಬಸಣ್ಣ ಮಾತ್ರ ಆ ಚೀಟಿಯನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ಗಾಳಿ ತಿರುಗಿದಾಗಲೆಲ್ಲ ಲೋಬಾನದ ಹೊಗೆ ಅವರ ಕಣ್ಣಿಗೆ ಹೋಗುತ್ತಿದ್ದುದನ್ನು ನಾನು ನೋಡಿದ್ದೆ. ಹೇಳಲಿಲ್ಲ. ಬಸಣ್ಣ ಒಂದು ಸಲ ಸಂತೋಷವಾಗಿರುವುದು ಅಪರೂಪ.

ಮಧ್ಯಾಹ್ನ ಹಿಂತಿರುಗಿದಾಗ ಸಾಲು ರಸ್ತೆಯವರೆಗೆ ಬೆಳೆದಿತ್ತು. ಹೊನ್ನೂರಮ್ಮ ತನ್ನ ಸೀರೆಯ ಸೆರಗನ್ನು ತಾಡಪಾಲಿನ ತೂತಿಗೆ ತುರುಕುತ್ತ ಟ್ರೇಲರಿನ ಮೇಲೆ ಕೂತಿದ್ದಳು. ಸಲೀಮ ಕಂಪ್ಯೂಟರನ್ನು ಮತ್ತೆ ಹತ್ತಿಸಿ ಹನ್ನೊಂದು ಅಕ್ಷರ ಒತ್ತಿದ. ಅಲ್ಲ. ಹಿಂದುಮುಂದಾಗಿ ಒತ್ತಿದ. ಅಲ್ಲ. ಗುಡುಗಿತು.

ಹೊನ್ನೂರಮ್ಮ ಕೂಗಲಿಲ್ಲ, ಅಳಲಿಲ್ಲ. "ಗೋದಾಮಿನ ಬಾಗಿಲಾದ್ರೂ ತಗದಿಡು ಎವ್ವಾ. ತೂಕ ಆದ ಕೂಡಲೆ ಒಳಗ ಹೊಡೀತೀನಿ" ಎಂದಳು. ಆಗುತ್ತದೆ ಎಂದೇ ನಂಬಿ ಕೂತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಗೋದಾಮಿಗೆ ಹೋದೆ. ಚಿಲಕಕ್ಕೆ ತೂಗುತ್ತಿದ್ದ ಬೀಗವನ್ನು ಎಂದಿನಂತೆ ಎಳೆದು ತೆಗೆದೆ. ಬಾಗಿಲು ತಳ್ಳಿದೆ.

ಅಲ್ಲೇ ನಿಂತೆ. ಕೈಯಲ್ಲಿ ಬೀಗ.

ಇದಕ್ಕೆ ಯಾವತ್ತೂ ಕೀಲಿ ತಿರುಗಿಸಿದ್ದಿಲ್ಲ. ತಂದ ವಾರದಲ್ಲೇ ಕೀಲಿ ಕಳೆದಿತ್ತು. "ಕಳ್ಳಗ ಬೀಗ ಕಂಡ್ರ ಸಾಕು, ಹಾಕೋದ್ಯಾಕ?" ಎಂದು ಯಜಮಾನರು ಬಾಯಿ ತೆರೆದ ಬೀಗವನ್ನೇ ಚಿಲಕಕ್ಕೆ ಸಿಕ್ಕಿಸಿ, ಬೇರೆ ಯಾವುದೋ ಬೀಗಗಳ ಕೀಲಿಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ಝಣಝಣ ಓಡಾಡುತ್ತಿದ್ದರು. ಮನೆಯ ಟ್ರಂಕು ಹಾಗೇ, ದೇವರ ಪೆಟ್ಟಿಗೆ ಹಾಗೇ. ಮೂವತ್ತೆಂಟು ವರ್ಷ ಆ ಬಾಗಿಲುಗಳನ್ನು ತೆಗೆದವಳು ನಾನು. ಬೆಳಗಿನಿಂದ ದೇವರಿಂದ ಹಿಡಿದು ಸತ್ತ ಎತ್ತುಗಳವರೆಗೆ ಎಲ್ಲರನ್ನೂ ಕೇಳಿದೆವು, ಈ ಬೀಗವನ್ನು ಮಾತ್ರ ಯಾರೂ ಕೇಳಲಿಲ್ಲ.

ಓಡಿದೆ ಎಂದರೆ ನೀವು ನಗಬೇಡಿ, ಓಡಿದೆ.

"ಸಲೀಮಾ, ಏನೂ ಬರೀಬ್ಯಾಡ. ಪ್ರತಿ ಸಲ ಕೊನಿಗಿ ಒತ್ತತೀಯಲ್ಲ, ಬರೇ ಆ ದೊಡ್ಡ ಗುಂಡಿ ಒತ್ತು."

"ಏನೂ ಬರೀದನಾ?"

"ಹೂಂ. ಏನೂ."

"ಅಮ್ಮಾರ, ಹತ್ತು ವರ್ಷಾತು ಈ ಕೆಲಸ ಮಾಡಾಕತ್ತು. ಇಷ್ಟು ದೊಡ್ಡ ಕಾಟಾ, ಯಾರಾದ್ರೂ ಖಾಲಿ ಬಿಡ್ತಾರೇನ್ರಿ?"

"ನೀನು ಕಂಪ್ಯೂಟರ್ ಕಲ್ತೀಯಪ್ಪ, ನಾನು ಅವರನ್ನ ಕಲ್ತೀನಿ. ಒತ್ತು."

ಒತ್ತಿದ. ಕಂಪ್ಯೂಟರ್ ಒಂದು ಕ್ಷಣ ಯೋಚಿಸಿತು. ಬೈಯಲಿಲ್ಲ. ಹೊಸ ಸಾಲಿಗೆ ಹೋಗಿ, ಒಂದು ಗೆರೆ ಮಿಟುಕಿಸುತ್ತ, ಏನಪ್ಪಣೆ ಎನ್ನುವ ಹಾಗೆ ನಿಂತಿತು. ಸಲೀಮ ನನ್ನನ್ನು ನೋಡಿದ, ಪರದೆ ನೋಡಿದ, ತಲೆ ಕೆರೆದುಕೊಂಡ. ಆಮೇಲೆ ಇಪ್ಪತ್ತು ನಿಮಿಷ ಅವನ ಕೈ ಗುಂಡಿಗಳ ಮೇಲೆ ಆಡಿತು. ತೂಕದ ಅಂಕಿ ಪರದೆಗೆ ಬಂದಾಗ ಕಿಟಕಿಯಲ್ಲಿದ್ದವರೆಲ್ಲ ಶಿಳ್ಳೆ ಹೊಡೆದರು.

ಹೊನ್ನೂರಮ್ಮನ ಟ್ರ್ಯಾಕ್ಟರು ಕಾಟಾ ಇಳಿಯುವಾಗ ಮೊದಲ ಹನಿ ಬಿತ್ತು. ಟ್ರೇಲರಿನ ಹಿಂದಿನ ಎರಡು ಮೊಳ ನೆನೆಯಿತು, ಉಳಿದದ್ದು ಒಣಗಿಯೇ ಒಳಗೆ ಹೋಯಿತು. ಅವಳೇನೂ ಕೈಮುಗಿಯಲಿಲ್ಲ. "ನಿನ್ನ ಗಂಡ ಬೀಗ ಹಾಕೋ ಪೈಕಿ ಆಗಿದ್ರ ಇವತ್ತು ನಾನು ಸತ್ತಿದ್ದೆ" ಎಂದು ಸೆರಗು ಹಿಂಡಿಕೊಂಡಳು. ಅವರ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತೆಂದರೆ ನನ್ನ ನೆನಪಿನಲ್ಲಿ ಅದೊಂದೇ.

ಸಾಲು ಕರಗಿದ ಮೇಲೆ ಬಸಣ್ಣನಿಗೆ ಹೊಸ ಭಯ ಹತ್ತಿತು. "ಅಂದ್ರ ಇಷ್ಟು ವರ್ಷ ಯಾರು ಬೇಕಾದ್ರೂ ಒಳಗ ಹೋಗಬಹುದಿತ್ತು? ಈಗಿಂದೀಗ ಒಂದು ಪಾಸ್‌ವರ್ಡ್ ಹಾಕು ಸಲೀಮಾ, ನಾನು ಹೇಳ್ತೀನಿ."

"ನಾನು ಹಾಕ್ತೀನಿ" ಎಂದೆ.

"ನಿನಗ ಇಂಗ್ಲಿಷ್ ಬರಂಗಿಲ್ಲಲ್ಲ ಅತ್ತಿಗಿ?"

"ಅಂಕಿ ಬರ್ತಾವ. ಇಬ್ಬರೂ ಗೋಡಿ ಕಡಿ ಮುಖ ಮಾಡ್ರಿ."

ಮಾಡಿದರು. ಒಂದೊಂದೇ ಗುಂಡಿ ಹುಡುಕಿ ಒತ್ತಿದೆ. ಏನು ಒತ್ತಿದೆ ಎಂದು ನಿಮಗೂ ಹೇಳುವುದಿಲ್ಲ. ಆ ಕಂಪ್ಯೂಟರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಹೇಳುವುದಿಲ್ಲ. ಅದರಲ್ಲಿ ಗುಟ್ಟೇನಿಲ್ಲ. ನಮ್ಮ ಮನೆಯಲ್ಲಿ ನಿಜವಾಗಿ ಹಾಕಿದ ಬೀಗ ಅದೊಂದೇ ಇತ್ತು, ಅದಕ್ಕೆ.

ಹೊರಡುವಾಗ ಸಲೀಮ ಎಚ್ಚರಿಸಿದ. "ಮರತ್ರ ಮತ್ತ ಇದಾ ಗತಿ, ಅಮ್ಮಾರ. ಭದ್ರ ಇರೋ ಕಡಿ ಬರದಿಡ್ರಿ."

ಎಲ್ಲಿ ಬರೆದಿಡುವುದು? ಕಾಗದವನ್ನು ಮಿಲ್ಲಿನ ಇಲಿ ತಿನ್ನುತ್ತದೆ. ಗೋಡೆಯನ್ನು ಬಸಣ್ಣ ಓದುತ್ತಾನೆ. ಟ್ರಂಕಿನ ಸಂಗತಿ ನಿಮಗೇ ಗೊತ್ತು. ನನ್ನ ತಲೆಯನ್ನು ನಾನು ನಂಬುವುದಿಲ್ಲ, ಒಲೆಯ ಮೇಲೆ ಹಾಲಿಟ್ಟು ಮರೆಯುವ ತಲೆ ಅದು. ಇನ್ನೊಂದು ತಲೆ ಬೇಕಿತ್ತು, ಬಾಯಿ ಇಲ್ಲದ್ದು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹಂಪಿಗೆ ಹೋದೆ. ಮೌನಕ್ಕೆ ಇನ್ನೂ ಆ ದಿನವೂ ಮರುದಿನವೂ ಉಳಿದಿದ್ದವು. ಅದು ಮುಗಿದ ಮೇಲೆ? ಒಂಬತ್ತು ದಿನದ ಮಾತು ಅವರ ಹೊಟ್ಟೆಯಲ್ಲಿ ಕಾದಿರುತ್ತದೆ, ಅದರ ಅಡಿಯಲ್ಲಿ ಇದು ಹೂತುಹೋಗುತ್ತದೆ ಎಂದು ಧೈರ್ಯ. ಮೊದಲು ಲೋಬಾನದ ತಟ್ಟೆಯನ್ನು ಆಚೆ ಸರಿಸಿದೆ. ಪಕ್ಕದಲ್ಲಿ ಕೂತು, ಅವರ ಕಿವಿಗೆ ಬಾಯಿಟ್ಟು ಅಂಕಿಗಳನ್ನು ಒಂದೊಂದಾಗಿ ಹೇಳಿದೆ. ಎರಡು ಸಲ ಹೇಳಿದೆ. ಹೊಗೆ ಇರಲಿಲ್ಲ. ಆದರೂ ಅವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ನಾನು ಸೀರೆ ಕೊಡವಿ ಎದ್ದು ಕಮಲಾಪುರದ ಬಸ್ಸಿಗೆ ನಡೆದೆ.