ಬಲಗಡೆಯ ಭಾಜಕ

ಲೆಕ್ಕದ ಮೇಷ್ಟ್ರಿಗೆ ಇಪ್ಪತ್ತೇಳು ವರ್ಷ ಸರ್ವಿಸ್. ಅಷ್ಟರಲ್ಲಿ ಮಂಡಿ ಸವೆದಿತ್ತು, ಗಂಟಲು ಸವೆದಿತ್ತು. ಸವೆಯದೆ ಉಳಿದದ್ದು ಅವರ ಭಾಗಾಕಾರ ಒಂದೇ. ಭಾಜಕ ಎಡಕ್ಕೆ, ಉತ್ತರ ಮೇಲಕ್ಕೆ. ಈ ವಿಷಯದಲ್ಲಿ ಅವರು ಹೆಂಡತಿಯ ಮಾತನ್ನೂ ಕೇಳುವವರಲ್ಲ.

ಅವರ ಏಳನೇ ಕ್ಲಾಸಿನ ನಲವತ್ತೊಂದು ಮಕ್ಕಳ ಮನೆಗಳಲ್ಲಿ ಒಂಬತ್ತು ಭಾಷೆ. 'ವೈವಿಧ್ಯವೇ ಸಂಪತ್ತು' ಎಂಬ ತರಬೇತಿಯಲ್ಲಿ ಮೇಷ್ಟ್ರು ಮೂರು ದಿನ ತೂಕಡಿಸಿ ಸರ್ಟಿಫಿಕೇಟನ್ನೂ ತಂದಿದ್ದರು.

ಈಗ ಮೇಜಿನ ಮೇಲೊಂದು ಫಾರಂ. 'ತರಗತಿಯಲ್ಲಿ ಪಾಲ್ಗೊಳ್ಳುವುದಿಲ್ಲ' ಎಂಬಲ್ಲಿ ಗುರುತು ಹಾಕಿದರೆ, ವರ್ಷದ ನಡುವೆ ದೂರದಿಂದ ಬಂದು ಸೇರಿದ ಹುಡುಗಿ ಎರಡು ಕ್ಲಾಸು ಕೆಳಗಿಳಿಯುತ್ತಾಳೆ. ಹುಡುಗಿಯೂ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಅವಳ ತಾಯಿಯೂ ಎದುರಿಗೆ ನಿಂತಿದ್ದರು.

"ಇವ್ಳು ದಡ್ಡಿ ಅಲ್ಲ ಸಾರ್. ಲೆಕ್ಕ ನಾನೇ ಹೇಳ್ಕೊಟ್ಟಿದೀನಿ."

"ಅದೇ ಆಗಿರೋದು ತೊಂದ್ರೆ ಕಣಮ್ಮಾ."

ತಾಯಿ ನಗಲಿಲ್ಲ. ಮಗಳ ನೋಟ್‌ಬುಕ್ ಬಿಚ್ಚಿದಳು. "ಒಂಬೈನೂರ ಮೂವತ್ತಾರನ್ನ ಎಂಟರಿಂದ ಭಾಗಿಸಿದ್ರೆ ನೂರಾ ಹದಿನೇಳು. ತಪ್ಪಾ?"

"ಉತ್ತರ ಸರಿ. ಹಾಕಿರೋ ರೀತಿ ನೋಡು. ಭಾಜಕ ಬಲಗಡೆ, ಉತ್ತರ ಅದರ ಕೆಳಗೆ. ಇದೇನು ಲೆಕ್ಕನೋ, ಮಗುಚಿದ ಗಾಡಿನೋ?"

"ನಮ್ ಕಡೆ ಎಲ್ರೂ ಹಿಂಗೇ ಹಾಕೋದು. ನಮ್ ಮೇಷ್ಟ್ರೂ ನಿಮ್ ಥರಾನೇ ಸಾರ್, ಬೇರೆ ರೀತಿ ಹಾಕಿದ್ರೆ ಬಾರಿಸೋರು."

ಮೇಷ್ಟ್ರು ಹಾಳೆ ತಿರುವಿದರು. ಸರಿಯುತ್ತರಗಳ ಪಕ್ಕದಲ್ಲೆಲ್ಲ ಅವರದೇ ಕೆಂಪು ಸೊನ್ನೆ. ಮೊದಮೊದಲು ಪುಟದ ತುಂಬ ಲೆಕ್ಕ. ಆಮೇಲೆ ಅರ್ಧ ಪುಟ. ಕೊನೆಗೆ ದುಂಡಾಗಿ ಬರೆದ ಪ್ರಶ್ನೆ ಮಾತ್ರ. ಮೊದಲ ವಾರ "ನಾನು ಸಾರ್, ನಾನು ಸಾರ್" ಎಂದು ಬೆಂಚಿನ ಮೇಲೆ ಕುಣಿಯುತ್ತಿದ್ದವಳು ಇವಳೇ ಅಲ್ಲವೇ?

"ನಿಮ್ ಕಡೆ ಹಿಂಗೆ ಅಂತ ಹೇಳ್ಬಾರದಿತ್ತೇನಮ್ಮಾ?" ಎಂದು ಹುಡುಗಿಯನ್ನು ಕೇಳಿದರು.

"ಹೇಳಿದ್ದೆ ಸಾರ್. 'ನಿಮ್ ಕಡೆ ಗಿಮ್ ಕಡೆ ಎಲ್ಲ ಇಲ್ಲಿಲ್ಲ' ಅಂದ್ರಿ."

ಅಂದಿದ್ದರು. ಬೆಳಿಗ್ಗೆ ಹಾಜರಿ ಕೂಗುವಷ್ಟೇ ಸಲೀಸಾಗಿ ಅಂದಿದ್ದರು. ಅವರು ಗುರುತು ಹಾಕದೆ ಫಾರಂ ಎತ್ತಿಕೊಂಡು ಹೆಡ್‌ಮೇಡಂ ಬಳಿ ಹೋದರು.

"ಹುಡುಗಿ ನನ್ನ ಕ್ಲಾಸಲ್ಲೇ ಇರ್ಲಿ ಮೇಡಂ."

"ಕಾರಣ ಏನಂತ ಬರೀಲ್ರೀ?"

"ಮೇಷ್ಟ್ರ ತಪ್ಪು ಅಂತ ಬರೀರಿ. ಜಾಗ ಸಾಲ್ದಿದ್ರೆ ಇನ್ನೊಂದು ಹಾಳೆ ಅಂಟ್ಸಿ."

ಮರುದಿನ ಅವಳನ್ನು ಬೋರ್ಡಿಗೆ ಕರೆದರು. "ನಿಮ್ ಕಡೆ ಹಾಕೋ ಹಾಗೇ ಹಾಕು, ಎಲ್ರೂ ನೋಡ್ಲಿ." ಹುಡುಗಿ ಸೀಮೆಸುಣ್ಣ ಹಿಡಿದು ಕ್ಷಣ ಯೋಚಿಸಿ, ಭಾಜಕವನ್ನು ಎಡಕ್ಕೇ ಬರೆದಳು.

"ನಿಮ್ ಕಡೆ ಥರಾನೇ ಹಾಕಮ್ಮಾ, ಪರವಾಗಿಲ್ಲ."

"ಬೇಡ ಸಾರ್. ಇದೂ ಬರತ್ತೆ."

ಮಾಡಿದ ಲೆಕ್ಕ ಸರಿಯಾಗಿತ್ತು. ಮೇಷ್ಟ್ರು "ಸರಿ" ಎಂದು ಕುರ್ಚಿಯಲ್ಲಿ ಕುಳಿತರು.